ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡು

ರವಿವಾರ, 14 ಡಿಸೆಂಬರ್ 2025
ಧಾರವಾಡ

ಚಳಿ ಜೋರಾಗಿದೆ. ಮುಂಜಾನೆ ಆರೂವರೆಗೆ ಹುಲ್ಲಿನ ಮೇಲೆ ಇಬ್ಬನಿ, ಹುಲ್ಲಿಲ್ಲದ ಕಡೆ ನೆಲ ಕಲ್ಲಿನಷ್ಟು ಗಟ್ಟಿ. ಹತ್ತು-ಹನ್ನೊಂದು ವರ್ಷದ ಹದಿನಾರು ಮಕ್ಕಳು. ಇವತ್ತಿನ ಪಾಠ ಒಂದೇ: ಚೆಂಡು ಕಾಲಿನಿಂದ ತಪ್ಪಿ ಹೋದ ಮೇಲೆ ಏನು ಮಾಡಬೇಕು.

ಫುಟ್‌ಬಾಲ್ ಆಡಿದರೆ ಶಿಸ್ತು ಬರುತ್ತದೆ, ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗುವುದು ಬರುತ್ತದೆ ಎಂದು ನಂಬಿ ಪಾಲಕರು ಮಕ್ಕಳನ್ನು ಕಳಿಸುತ್ತಾರೆ. ಬರುತ್ತದೆ ನಿಜ, ಆದರೆ ತಾನಾಗಿ ಬರುವುದಿಲ್ಲ. ಗೋಲ್ ಹೊಡೆದಾಗ ಎಲ್ಲ ಮಕ್ಕಳೂ ಒಳ್ಳೆಯವರೇ. ಮಗುವಿನ ಸ್ವಭಾವ ಕಾಣಬೇಕಾದರೆ ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡು ನೋಡಬೇಕು. ಒಬ್ಬ ತಲೆಯ ಮೇಲೆ ಕೈ ಇಟ್ಟು ನಿಂತುಬಿಡುತ್ತಾನೆ. ಒಬ್ಬಳು ಲೇಸ್ ಕಟ್ಟಲು ಕೂರುತ್ತಾಳೆ. ಲೇಸ್ ಬಿಚ್ಚಿರುವುದೇ ಇಲ್ಲ. ಇನ್ನೊಬ್ಬ ಪಾಸ್ ಕೊಟ್ಟವನ ಮೇಲೆ ಹರಿಹಾಯುತ್ತಾನೆ: “ಲೇ, ಅಷ್ಟ್ ಜೋರ ಯಾಕ ಕೊಟ್ಟಿ?” ಮತ್ತೊಬ್ಬ ಗೆರೆಯಾಚೆ ನಿಂತ ಅಪ್ಪನ ಮುಖ ನೋಡುತ್ತಾನೆ. ತಪ್ಪಾದಾಗ ಮುಂದೇನು ಎಂಬುದು ಯಾರಿಗೂ ಗೊತ್ತಿಲ್ಲ, ಅಷ್ಟೇ. ಅದನ್ನು ಕಲಿಸಬಹುದು.

ನಾಲ್ಕಕ್ಕೆ ನಾಲ್ಕರಂತೆ ಎರಡು ಅಂಗಳ. ಒಂದೊಂದು ಸುಮಾರು 25 ಮೀಟರ್ ಉದ್ದ, 18 ಮೀಟರ್ ಅಗಲ. ಮೂಲೆಗೆ ನಾಲ್ಕು ಕೋನ್, ಎರಡು ಗೋಲಿಗೆ ನಾಲ್ಕು. ಗೋಲಿನ ಬಾಯಿ ಎರಡು ಮೀಟರ್, ಗೋಲ್‌ಕೀಪರ್ ಇಲ್ಲ. ನಾಲ್ಕು ನಿಮಿಷ ಆಟ, ಎರಡು ನಿಮಿಷ ವಿಶ್ರಾಂತಿ, ಹೀಗೆ ಐದು ಸಲ. ಚೆಂಡು ಕಳೆದುಕೊಂಡ ತಂಡವೇ ಗಟ್ಟಿಯಾಗಿ ಎಣಿಸಬೇಕು: ಒಂದು, ಎರಡು, ಮೂರು... ಕಳೆದುಕೊಂಡವನೇ ಮೊದಲ ಹೆಜ್ಜೆ ಹಾಕಬೇಕು. ಐದರೊಳಗೆ ಚೆಂಡು ವಾಪಸ್ ಸಿಕ್ಕರೆ ಒಂದು ಅಂಕ. ಗೋಲಿಗೂ ಒಂದೇ ಅಂಕ. ಸಿಗದಿದ್ದರೆ ಶಿಕ್ಷೆ ಇಲ್ಲ, ಎಲ್ಲರೂ ತಮ್ಮ ಅರ್ಧಕ್ಕೆ ಮರಳಬೇಕು.

ಇದು ಕೆಡುವುದು ಮೊದಲು ಅಳತೆಯಲ್ಲಿ. ಅಂಗಳ ದೊಡ್ಡದಾದರೆ ಎದುರಾಳಿ ದೂರವಾಗುತ್ತಾನೆ, ಎರಡು ಸಲ ಬೆನ್ನಟ್ಟಿ ಮೂರನೆಯ ಸಲ ಮಗು ಕೈಬಿಡುತ್ತದೆ. ಚಿಕ್ಕದಾದರೆ ಕಾಲಿಗೆ ಕಾಲು ಸಿಕ್ಕಿ, ಯಾರೂ ಆಡದೆ ಚೆಂಡನ್ನು ಬೀಸಿ ಒದೆಯುತ್ತಾರೆ. ಹತ್ತು ಸಲದಲ್ಲಿ ಎರಡು ಸಲವೂ ಚೆಂಡು ವಾಪಸ್ ಬರದಿದ್ದರೆ ಉದ್ದವನ್ನು ಮೂರು ಮೀಟರ್ ಕಡಿಮೆ ಮಾಡಿ; ಸತತ ಮೂರು ಪಾಸ್ ಕೂಡುತ್ತಿಲ್ಲವೆಂದರೆ ಅಷ್ಟೇ ಹೆಚ್ಚಿಸಿ. ಇನ್ನು ಎಣಿಕೆ. ಕೋಚ್ ಎಣಿಸತೊಡಗಿದರೆ ಮಕ್ಕಳ ಕಣ್ಣು ಕೋಚ್ ಕಡೆಗೇ ಹೋಗುತ್ತದೆ, ಚೆಂಡಿನ ಕಡೆಗಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು “ಚೆಂಡ ಕಳಕೊಂಡವ ಒಂದ ರೌಂಡ್ ಓಡು” ಎಂಬ ಶಿಕ್ಷೆ. ಮೇಲ್ನೋಟಕ್ಕೆ ಶಿಸ್ತು. ಎರಡು ವಾರ ಬಿಟ್ಟು ನೋಡಿದರೆ ಯಾರೂ ಎದುರಾಳಿಯನ್ನು ದಾಟುವ ಸಾಹಸ ಮಾಡುವುದಿಲ್ಲ. ಹೆದರಿದ ಮಗು ಚೆಂಡು ಬೇಡವೆಂದು ಬಾಯಿಬಿಟ್ಟು ಹೇಳುವುದಿಲ್ಲ. ಎದುರಾಳಿಯ ಬೆನ್ನ ಹಿಂದೆ, ಪಾಸ್ ತಲುಪದ ಜಾಗದಲ್ಲಿ ನಿಂತು “ಕೊಡು, ಕೊಡು” ಎಂದು ಕೈ ಎತ್ತುತ್ತದೆ. ನೋಡಿದವರಿಗೆ ಹುರುಪಿನ ಹುಡುಗ, ನಿಜದಲ್ಲಿ ಅಡಗಿ ನಿಂತ ಹುಡುಗ. ಅಂಥವನನ್ನು ಬೈಯಬೇಡಿ. ಮುಂದಿನ ಸುತ್ತಿನಲ್ಲಿ ನಾಲ್ಕಕ್ಕೆ ಮೂರು ಮಾಡಿ ಅವನನ್ನು ಹೆಚ್ಚು ಜನರ ಕಡೆ ಹಾಕಿ. ಸುತ್ತ ಜಾಗ ಸಿಕ್ಕರೆ ತಾನೇ ಹೊರಬರುತ್ತಾನೆ.

ಆಟ ನಡೆದಾಗ “ಯಾಕ” ಎಂಬ ಮಾತು ಬೇಡ, ಅದನ್ನು ವಿಶ್ರಾಂತಿಯ ಎರಡು ನಿಮಿಷಕ್ಕೆ ಇಟ್ಟುಕೊಳ್ಳಲಿ. ಒಳಗೆ “ತಿರುಗು”, “ಹಿಂದ ಬಾ”, “ನಾ ಅದೀನಿ” ಇಷ್ಟೇ ಸಾಕು. “ನಾ ಅದೀನಿ” ಎಂಬುದನ್ನು ಕೇಳಿದ ಮಗು ತಲೆ ಎತ್ತುವುದು ಕಣ್ಣಿಗೆ ಕಾಣುತ್ತದೆ.

ಕೊನೆಯ ಸುತ್ತಿಗೆ ರೆಫರಿ ಇಲ್ಲ. ಯಾರ ಕಾಲಿಗೆ ತಾಗಿ ಚೆಂಡು ಹೊರಹೋಯಿತೋ ಅವರೇ ಕೈ ಎತ್ತಬೇಕು. ವಾದ ಹತ್ತಿದರೆ ನಡುವೆ ಹೋಗಬೇಡಿ, ಗಡಿಯಾರವನ್ನೂ ನಿಲ್ಲಿಸಬೇಡಿ. ನಾಲ್ಕು ನಿಮಿಷ ಜಗಳದಲ್ಲೇ ಮುಗಿದುಹೋದ ಮೇಲೆ, ಮುಂದಿನ ಸಲ ಕೈ ಬೇಗ ಮೇಲೇಳುತ್ತದೆ.

ಮಕ್ಕಳ ತಪ್ಪೆಂದು ನಾವು ಎಣಿಸುವುದರಲ್ಲಿ ಒಂದಿಷ್ಟು ದೊಡ್ಡವರದು. ಈ ವಯಸ್ಸಿಗೆ 4ನೇ ನಂಬರ್ ಚೆಂಡು ಬೇಕು, ತೂಕ 350ರಿಂದ 390 ಗ್ರಾಂ. ಹೇಗೂ ಬೆಳೆಯುತ್ತಾರೆಂದು 5ನೇ ನಂಬರ್ ತಂದರೆ ಅದು 410ರಿಂದ 450 ಗ್ರಾಂ. ಪಾಸ್ ಅರ್ಧಕ್ಕೇ ನಿಲ್ಲುತ್ತದೆ, ಬೈಗುಳ ಮಗುವಿಗೆ. ನಿಯಮದ ಪ್ರಕಾರ ಚೆಂಡಿನೊಳಗಿನ ಗಾಳಿಯ ಒತ್ತಡ 0.6ರಿಂದ 1.1 ಬಾರ್ ಇರಬಹುದು. ನಮ್ಮ ಚಳಿಗಾಲದ ಗಟ್ಟಿ ನೆಲಕ್ಕೆ 0.6 ಸಾಕು, ಹೆಚ್ಚಾದರೆ ಮೊಣಕಾಲೆತ್ತರ ಪುಟಿಯುತ್ತದೆ. ಬೂಟಿನ ಅಡಿಯ ಉದ್ದ ಸ್ಟಡ್ (ಗುಬ್ಬಿ) ಕೂಡ ಇಂಥ ನೆಲಕ್ಕಲ್ಲ. ಎಂಟರಿಂದ ಹದಿನಾಲ್ಕರ ನಡುವೆ ಹಿಮ್ಮಡಿಯ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಓಡಿದ ಮೇಲೆ ಹಿಮ್ಮಡಿ ನೋಯುತ್ತದೆ ಎಂದ ಮಗುವನ್ನು ಸೋಮಾರಿ ಎನ್ನಬೇಡಿ. ವಿಶ್ರಾಂತಿ ಕೊಡಿ, ನೋವು ಉಳಿದರೆ ಡಾಕ್ಟರಿಗೆ ತೋರಿಸಿ.

ಪಂದ್ಯದ ದಿನ ಇದೆಲ್ಲ ನೀರುಪಾಲಾಗುವುದು ಬೆಂಚಿನ ಮೇಲೆ. ಐದರ ಆಟಕ್ಕೆ ಎಂಟು ಮಕ್ಕಳಿದ್ದರೆ ಲೆಕ್ಕ ಸರಳ: 40 ನಿಮಿಷವನ್ನು ಐದೈದರಂತೆ ಎಂಟು ಭಾಗ ಮಾಡಿ. ಪ್ರತಿ ಮಗು ಐದು ಭಾಗ ಆಡುತ್ತದೆ, ಮೂರು ಭಾಗ ಕೂರುತ್ತದೆ, ಅಂದರೆ 25 ನಿಮಿಷ ಆಟ. ಚೀಟಿಯಲ್ಲಿ ಮೊದಲೇ ಬರೆದಿಡಿ. 0–2 ಹಿಂದೆ ಬಿದ್ದಾಗ ಬರೆಯಲು ಹೋದರೆ ಕೈ ತಪ್ಪುತ್ತದೆ. ಹೊರಬಂದವರು ಮತ್ತೆ ಒಳಹೋಗಲು ಮಕ್ಕಳ ಪಂದ್ಯಗಳಲ್ಲಿ ಅವಕಾಶ ಕೊಡಬಹುದೆಂದು ಆಟದ ನಿಯಮಾವಳಿಯೇ ಹೇಳುತ್ತದೆ. ಎರಡು ಗಂಟೆ ಬಸ್ಸಿನಲ್ಲಿ ಬಂದು ಇಡೀ ದಿನ ಬೆಂಚಿನ ಮೇಲೆ ಕೂತು ಹೋದ ಮಗುವಿಗೆ ಹೊಂದಾಣಿಕೆಯ ಪಾಠ ಹೇಳಲು ನಮಗೆ ಬಾಯಿಲ್ಲ.

ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣವಿರಲಿ, ಹುಬ್ಬಳ್ಳಿಯ ನೆಹರೂ ಮೈದಾನವಿರಲಿ, ಪಾಲಕರಿಗೆ ಗೆರೆಯಿಂದ ಐದು ಹೆಜ್ಜೆ ಹಿಂದೆ ಹಗ್ಗ ಕಟ್ಟಿ. “ಅವಗ ಕೊಡಬ್ಯಾಡ, ನೀನ ಹೊಡಿ” ಎಂಬ ಒಂದು ಕೂಗು ವಾರದ ಕೆಲಸವನ್ನು ಅಳಿಸುತ್ತದೆ.

ಮುಂದಿನ ರವಿವಾರ ಐದಕ್ಕೆ ಐದು, ಗೋಲ್‌ಕೀಪರ್ ಸಹಿತ. ಕೀಪರ್ ಸರದಿ ಐದೈದು ನಿಮಿಷ, ಎಲ್ಲರಿಗೂ. ಗೋಲಾದಾಗ ಕೀಪರ್ ಹತ್ತಿರ ಮೊದಲು ಓಡಿ ಹೋಗುವವರು ಯಾರು ಎಂಬುದನ್ನು ಆಟ ಶುರುವಾಗುವ ಮೊದಲೇ ಹೆಸರು ಹಿಡಿದು ಹೇಳಿಡಬೇಕು.