ಗಾಂಜಾ ದುಡ್ಡಿನ ಲೆಕ್ಕ

ಗಾಂಜಾ ಮಾರೋಕೆ ಬಿಟ್ಟರೆ ಸರ್ಕಾರದ ಖಜಾನೆ ತುಂಬುತ್ತೆ ಅನ್ನುವವರು ಒಮ್ಮೆ ಅಮೆರಿಕದ ಕೊಲರಾಡೋ ರಾಜ್ಯದ ಕಡೆ ನೋಡಬೇಕು. ಅಲ್ಲಿ 2012ರಲ್ಲಿ ಜನರೇ ಓಟು ಹಾಕಿ ಒಪ್ಪಿದರು, 2014ರ ಜನವರಿ 1ಕ್ಕೆ ಅಂಗಡಿಗಳು ತೆರೆದವು. ಸಗಟು ಮಾಲಿನ ಸುಂಕದಲ್ಲಿ ವರ್ಷಕ್ಕೆ ಮೊದಲ 4 ಕೋಟಿ ಡಾಲರ್ ಶಾಲಾ ಕಟ್ಟಡಗಳಿಗೆ ಅಂತ ಮಾತು ಕೊಟ್ಟಿದ್ದರು. ಸೋರುವ ಚಾವಣಿ, ಕೆಟ್ಟ ಬಾಯ್ಲರ್ ಇಂಥದ್ದಕ್ಕೆ. ಮೇಷ್ಟ್ರ ಸಂಬಳಕ್ಕಲ್ಲ, ಅದು ಬೇರೆ ಮಾತು ಬಿಡಿ.

2021ರಲ್ಲಿ ತೆರಿಗೆ, ಶುಲ್ಕ ಎಲ್ಲಾ ಸೇರಿ 42 ಕೋಟಿ ಡಾಲರ್ ದಾಟಿತ್ತು. ಆಮೇಲೆ ಜಾರಿತು. ಕೊರೊನಾ ಕಾಲದ ವ್ಯಾಪಾರ ಮುಗಿಯಿತು, ಪಕ್ಕದ ನ್ಯೂ ಮೆಕ್ಸಿಕೋದಲ್ಲೂ ಅಂಗಡಿ ಬಂತು, ಬೆಳೆ ಜಾಸ್ತಿಯಾಗಿ ರೇಟೂ ಬಿತ್ತು. ಸುಂಕ ಸಗಟು ಬೆಲೆಯ ಶೇ 15 ಆದ್ದರಿಂದ, ಸೇದುವವರು ಅಷ್ಟೇ ಇದ್ದರೂ ರೇಟು ಬಿದ್ದ ಕೂಡಲೇ ಸರ್ಕಾರದ ಪಾಲೂ ಬೀಳುತ್ತದೆ, ಅಲ್ವಾ?

ನನಗೆ ನಗು ಬರೋದು ಅಲ್ಲಿನ ಕೇಂದ್ರ ಸರ್ಕಾರದ ಆಟ ನೋಡಿ. ರಾಜ್ಯ ಒಪ್ಪಿದರೂ ತನ್ನ ಕಾನೂನಿನ ಪ್ರಕಾರ ಈ ವ್ಯಾಪಾರವೇ ಅಪರಾಧ ಅಂದುಕೊಂಡೇ ವರ್ಷಗಟ್ಟಲೆ ಆದಾಯ ತೆರಿಗೆ ಮಾತ್ರ ಬಿಡದೆ ವಸೂಲಿ ಮಾಡಿತು. ಅಂಗಡಿ ಬಾಡಿಗೆಯನ್ನೂ ಖರ್ಚಿಗೆ ಬರೆಯಲು ಬಿಡಲಿಲ್ಲ. ಶುರುವಿನಲ್ಲಿ ಬ್ಯಾಂಕ್‌ಗಳು ಹತ್ತಿರ ಸೇರಿಸದೆ, ಮಾಲೀಕರು ನೋಟಿನ ಕಂತೆಗಳನ್ನು ಚೀಲದಲ್ಲಿ ಹೊತ್ತು ಡೆನ್ವರ್‌ನ ತೆರಿಗೆ ಕಚೇರಿಗೆ ಹೋಗಿ ಕಟ್ಟುತ್ತಿದ್ದರು. ನೋಟೆಲ್ಲ ಗಾಂಜಾ ವಾಸನೆಯಂತೆ!