ಕನಜಾವಾದಿಂದ ಕಿಸೊ ಕಣಿವೆವರೆಗೆ: ಬೇಸಿಗೆಯ ಜಪಾನ್

ಜಪಾನ್‌ಗೆ ಹೋಗುವವರು ಹೆಚ್ಚಾಗಿ ಚೆರ್ರಿ ಹೂವಿನ ಕಾಲಕ್ಕೋ, ಎಲೆಗಳು ಕೆಂಪಾಗುವ ನವೆಂಬರ್‌ಗೋ ಟಿಕೆಟ್ ಮಾಡಿಸುತ್ತಾರೆ. ನನಗೂ ತಂಗಿಗೂ ರಜೆ ಹೊಂದಿದ್ದು ಜುಲೈ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಮಳೆಗಾಲ ಮುಗಿದು ಬಿಸಿಲು ಏರಿರುತ್ತದೆ. ನಗರಗಳಲ್ಲಿ 35 ಡಿಗ್ರಿ ದಾಟುವುದು ಮಾಮೂಲು, ಜೊತೆಗೆ ಮೈಗೆ ಅಂಟುವ ಸೆಖೆ. ಆದರೂ ಯಾರಾದರೂ ಕೇಳಿದರೆ ಬೇಸಿಗೆಗೇ ಹೋಗಿ ಅನ್ನುತ್ತೇನೆ. ಗದ್ದೆಗಳು ತುಂಬು ಹಸಿರಾಗಿರುವುದು ಆಗಲೇ. ಜಪಾನಿನ ಹಳ್ಳಿಯನ್ನು ಹಸಿರು ಗದ್ದೆಯ ಜೊತೆಗೇ ನೋಡಬೇಕು.

ಟೋಕಿಯೊದಲ್ಲಿ ಜಾಸ್ತಿ ನಿಲ್ಲಲಿಲ್ಲ. ವೇಗದ ಶಿಂಕಾನ್‌ಸೆನ್ ರೈಲು ಹತ್ತಿದರೆ ಕನಜಾವಾಗೆ ಸುಮಾರು ಎರಡೂವರೆ ಗಂಟೆ. ಈ ಮಾರ್ಗ ಕನಜಾವಾವರೆಗೆ ಬಂದಿದ್ದು 2015ರಲ್ಲಿ. ಅಲ್ಲಿನ ಕೆನ್‌ರೊಕುಎನ್ ಜಪಾನಿನ ಮೂರು ಹೆಸರಾಂತ ತೋಟಗಳಲ್ಲಿ ಒಂದು. ಮಾಯೆದಾ ಮನೆತನದ ದೊರೆಗಳು ತಲೆಮಾರುಗಳ ಕಾಲ ಬೆಳೆಸಿದ್ದು. ಬಿಸಿಲು ಏರುವ ಮುಂಚೆ ಒಳಗೆ ಹೋದೆವು. ಕೊಳದ ಅಂಚಿನಲ್ಲಿ ಎರಡು ಕಾಲಿನ ಕಲ್ಲುದೀಪದ ಮುಂದೆ ಫೋಟೊಗೆ ಸಾಲು ನಿಂತಿತ್ತು. ನಾವು ನಿಂತು ನೋಡಿದ್ದು ಮಾತ್ರ ಬೇರೆ. ಮರದ ಕೆಳಗೆ ಪಾಚಿ ಹಾಸಿನ ಮೇಲೆ ಕೆಲವು ಹೆಂಗಸರು ಕುಕ್ಕರುಗಾಲಲ್ಲಿ ಕೂತಿದ್ದರು. ಕುತ್ತಿಗೆ ಮುಚ್ಚುವ ಟೋಪಿ, ಕೈಯಲ್ಲಿ ಪುಟ್ಟ ಕತ್ತಿ. ಪಾಚಿಯ ನಡುವೆ ಹುಟ್ಟಿದ ಒಂದೊಂದೇ ಹುಲ್ಲಿನ ಎಳೆಯನ್ನು ಬೇರುಸಮೇತ ಎತ್ತಿ ಬುಟ್ಟಿಗೆ ಹಾಕುತ್ತಿದ್ದರು. ಒಂದು ಮೊಳ ಜಾಗ ಮುಗಿದ ಮೇಲೆ ಒಂದು ಮೊಳ ಹಿಂದೆ ಸರಿಯುವುದು. ಅಷ್ಟು ದೊಡ್ಡ ತೋಟ, ಹನ್ನೊಂದು ಹೆಕ್ಟೇರ್‌ಗಿಂತ ಜಾಸ್ತಿ! ನನಗೆ ಕನಜಾವಾ ಇಷ್ಟವಾಗಿದ್ದು ಆ ಹೆಂಗಸರಿಂದ.

ಜಪಾನಿನ ಚಿನ್ನದ ರೇಕು ಹೆಚ್ಚುಕಡಿಮೆ ಪೂರ್ತಿ ಈ ಊರಲ್ಲೇ ತಯಾರಾಗುತ್ತದೆ. ಹಿಗಾಶಿ ಚಾಯಾ ಬೀದಿಯ ಹಳೆ ಮರದ ಮನೆಗಳ ಹತ್ತಿರ ಒಂದು ಅಂಗಡಿಯಲ್ಲಿ ರೇಕು ಕತ್ತರಿಸುವುದನ್ನು ನೋಡಿದೆವು. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಬೆರಳಲ್ಲಿ ಮುಟ್ಟುವ ಹಾಗಿಲ್ಲ. ಬಿದಿರಿನ ಚಿಮಟದಲ್ಲಿ ಎತ್ತಿ ಹರಡಿ, ನಡುವೆ ಮೆಲ್ಲಗೆ ಒಮ್ಮೆ ಉಫ್ ಅಂತ ಊದಿದರು. ಮುದುರಿದ್ದ ರೇಕು ಒಂದೂ ಸುಕ್ಕಿಲ್ಲದೆ ಹಾಸಿಕೊಂಡಿತು.

ಅಲ್ಲಿಂದ ಬಸ್ಸಿನಲ್ಲಿ ಶಿರಾಕಾವಾ-ಗೊ. ಸೀಟು ಮೊದಲೇ ಕಾದಿರಿಸಬೇಕು. 1995ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹಳ್ಳಿ, ಹಾಗಾಗಿ ಮಧ್ಯಾಹ್ನ ಕಾಲಿಡಲು ಜಾಗವಿರುವುದಿಲ್ಲ. ರಾತ್ರಿ ಅಲ್ಲೇ ಉಳಿಯಿರಿ, ಸ್ವಲ್ಪ ದುಬಾರಿಯಾದರೂ ಸರಿ. ಸಂಜೆ ಬಸ್ಸುಗಳು ಹೋದ ಮೇಲೆ ಊರು ಊರಿನವರಿಗೆ ಸಿಗುತ್ತದೆ. ಗದ್ದೆಗೆ ನೀರು ಬಿಡುವವರು, ಹಿತ್ತಲಲ್ಲಿ ಬದನೆ ಕೀಳುವವರು ಆಚೆ ಬರುತ್ತಾರೆ.

ಮನೆಗಳ ಹುಲ್ಲಿನ ಮಾಡು ಕೈಮುಗಿದ ಹಾಗೆ ಕಡಿದಾಗಿದೆ. ಚಳಿಗಾಲದಲ್ಲಿ ಬೀಳುವ ರಾಶಿ ಹಿಮ ನಿಲ್ಲದೆ ಜಾರಬೇಕಲ್ಲ. ನಾವು ಉಳಿದ ಮನೆಯ ಯಜಮಾನರು ಅಟ್ಟಕ್ಕೆ ಕರೆದುಕೊಂಡು ಹೋದರು. ಹಿಂದೆ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರಂತೆ. ಮಾಡಿನ ಮರಗಳನ್ನು ಕಟ್ಟಿರುವುದು ಹಗ್ಗ ಮತ್ತು ಎಳೆ ಗಿಡದ ಬಾಗುವ ಕೊಂಬೆಗಳಿಂದ. ಮೊಳೆ ಹುಡುಕಿದೆ, ಕಾಣಲಿಲ್ಲ. ಕೆಳಗೆ ನೆಲದಲ್ಲಿ ತೋಡಿದ ಒಲೆಯ ಹೊಗೆ ಮೇಲೇರಿ ಹಗ್ಗವನ್ನು ಕಪ್ಪಗೆ, ಗಟ್ಟಿಯಾಗಿಸಿತ್ತು. ಹುಳ ಹತ್ತದಿರುವುದೂ ಆ ಹೊಗೆಯಿಂದಲೇ. ಕೆಲವು ದಶಕಕ್ಕೊಮ್ಮೆ ಹುಲ್ಲು ಬದಲಿಸಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಊರಿನವರೆಲ್ಲ ಬಂದು ಮಾಡಿಕೊಡುತ್ತಾರೆ. ನಾಳೆ ಅವರ ಮನೆಗೆ ಇವರು ಹೋಗಬೇಕು. ಮಲೆನಾಡಿನಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಾರಲ್ಲ, ಅದೇ ಲೆಕ್ಕ. ಅದನ್ನು ಅಲ್ಲಿ ಯುಯಿ ಅನ್ನುತ್ತಾರೆ. ಈಗ ಗುತ್ತಿಗೆ ಕೆಲಸಗಾರರೂ ಬರುತ್ತಾರೆ, ಆದರೆ ಯುಯಿ ಪೂರ್ತಿ ನಿಂತಿಲ್ಲ.

ಊಟದ ಮಾತು. ಸಸ್ಯಾಹಾರಿಗಳಿಗೆ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಸಾರಿಗೂ ಸೋಬಾ ಶಾವಿಗೆ ಜೊತೆ ಕೊಡುವ ರಸಕ್ಕೂ ಮೀನಿನ ಕಟ್ಟು ಬಿದ್ದಿರುತ್ತದೆ. ಮನೆಯೂಟದ ಕಡೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ತಕಾಯಾಮಾದಲ್ಲಿ ನದಿ ದಂಡೆಯ ಬೆಳಗಿನ ಸಂತೆಗೆ ಹೋಗಿ ದಾಂಗೊ ತಿಂದೆವು. ಅಕ್ಕಿಹಿಟ್ಟಿನ ಉಂಡೆಗಳನ್ನು ಕಡ್ಡಿಗೆ ಚುಚ್ಚಿ, ಸೋಯಾ ಸಾಸ್ ಸವರಿ ಕೆಂಡದ ಮೇಲೆ ಸುಡುತ್ತಾರೆ. ಬೇರೆ ಊರುಗಳಲ್ಲಿ ಇದು ಸಿಹಿ, ಇಲ್ಲಿ ಉಪ್ಪುಪ್ಪು. ನನಗಂತೂ ಇದೇ ಸರಿ.

ಮತ್ಸುಮೊಟೊದ ಕಪ್ಪು ಕೋಟೆಯ ಮೆಟ್ಟಿಲು ಏಣಿಯಷ್ಟೇ ಕಡಿದು. ಬೆವರು ಸುರಿಯಿತು. 1872ರಲ್ಲಿ ಇದನ್ನು ಹರಾಜು ಹಾಕಿ ಇನ್ನೇನು ಕೆಡವಬೇಕು ಅನ್ನುವಾಗ ಇಚಿಕಾವಾ ರ್ಯೋಜೊ ಎಂಬ ಊರಿನವರೊಬ್ಬರು ಕೋಟೆಯೊಳಗೇ ವಸ್ತುಪ್ರದರ್ಶನ ನಡೆಸಿ, ಹಣ ಕೂಡಿಸಿ ಉಳಿಸಿದರು. ಇವತ್ತು ಅದು ರಾಷ್ಟ್ರೀಯ ಸಂಪತ್ತು.

ಕೊನೆಗೆ ಕಿಸೊ ಕಣಿವೆ. ಎದೊ, ಅಂದರೆ ಈಗಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ನಕಾಸೆಂದೊ ಹೆದ್ದಾರಿಗೆ 69 ತಂಗುದಾಣಗಳಿದ್ದವು. ಅವುಗಳಲ್ಲಿ ಮಾಗೊಮೆಯಿಂದ ತ್ಸುಮಾಗೊಗೆ ಸುಮಾರು 8 ಕಿಲೋಮೀಟರ್ ನಡೆಯಬಹುದು. ಮಾಗೊಮೆಯಿಂದಲೇ ಹೊರಡಿ, ಏರು ಕಡಿಮೆ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ತೂಗುಹಾಕಿದ್ದಾರೆ, ಕರಡಿ ದೂರ ಹೋಗಲಿ ಅಂತ. ಪ್ರತಿಯೊಂದನ್ನೂ ಜೋರಾಗಿ ಬಾರಿಸಿದೆವು. ದೇವದಾರು ಕಾಡಿನ ನೆರಳು, ಕಿವಿ ತುಂಬಾ ಸಿಕಾಡಾ ಹುಳಗಳ ಕಿರುಚಾಟ. ನಡುವೆ ಹಳೆಯ ಚಹಾದಂಗಡಿಯಲ್ಲಿ ಸ್ವಯಂಸೇವಕರು ಕರೆದು ಕೂರಿಸಿ ಚಹಾ ಕೊಟ್ಟರು. ಆ ಬೇಸಿಗೆಯಲ್ಲೂ ಒಳಗೆ ಒಲೆ ಉರಿಯುತ್ತಿತ್ತು. ಕಾಸು ಕೇಳಲಿಲ್ಲ.

ತ್ಸುಮಾಗೊದ ಬೀದಿಯಲ್ಲಿ ವಿದ್ಯುತ್ ತಂತಿ ಕಾಣುವುದಿಲ್ಲ, ಹಗಲು ಹೊತ್ತು ವಾಹನ ಬಿಡುವುದಿಲ್ಲ. ರೈಲು, ಹೊಸ ರಸ್ತೆಗಳು ಬಂದ ಮೇಲೆ ಪಾಳುಬೀಳುತ್ತಿದ್ದ ಊರಿದು. 1971ರಲ್ಲಿ ಊರಿನವರು ಕೂಡಿ ಕಟ್ಟುಪಾಡು ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ರಾತ್ರಿ ಊಟ ಬಡಿಸುತ್ತಿದ್ದ ಅಜ್ಜಿಯನ್ನು ತಂಗಿ ಫೋನಿನ ಅನುವಾದದ ನೆರವಿನಿಂದ ಕೇಳಿದಳು, "ಇದರಿಂದ ತೊಂದರೆ ಆಗಲ್ವಾ?" ಚಳಿಗಾಲದಲ್ಲಿ ಮನೆಯೊಳಗೆ ಗಾಳಿ ನುಗ್ಗುತ್ತದೆ, ಬೀದಿ ಕಡೆ ಮರದ ಜಾಲರಿ ಬಿಟ್ಟು ಬೇರೆ ಕಿಟಕಿ ಹಾಕುವ ಹಾಗಿಲ್ಲ, ಮಕ್ಕಳು ನಗೋಯಾದಲ್ಲಿದ್ದಾರೆ ಅಂದರು. ಮಾರುವ ಯೋಚನೆ ಬಂದಿಲ್ಲವಂತೆ.

ಬೆಳಗ್ಗೆ ನಾಗಿಸೊ ಸ್ಟೇಷನ್‌ಗೆ ಬಸ್ ಬಿಟ್ಟು ನಡೆದೇ ಹೋದೆವು. ಇದೇ ಕಣಿವೆಯ ನಾರಾಯ್ ಊರು ಬಾಕಿ ಉಳಿದಿದೆ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡುವುದೆಂದು ರೈಲಿನಲ್ಲೇ ಮಾತಾಡಿಕೊಂಡೆವು.