ಲಿಕ್ವಿಡ್ ಮೆಟಲ್‌ಗೆ ಉಪಗ್ರಹ ಸಿಕ್ಕಿತು, ನಮಗೆ ಸಿಗಲಿಲ್ಲ

2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೇಡಿಯೋದಲ್ಲಿ ಎರಡು ಸಂಗತಿ ನಡೆದವು. ಸೆಪ್ಟೆಂಬರ್ 11ರ ದಾಳಿ ಆದ ಕೆಲವೇ ದಿನಕ್ಕೆ, ಸಾವಿರಕ್ಕೂ ಜಾಸ್ತಿ ಸ್ಟೇಷನ್ ಇಟ್ಟುಕೊಂಡಿದ್ದ ಕ್ಲಿಯರ್ ಚಾನೆಲ್ ಕಂಪನಿಯೊಳಗೆ ಒಂದು ಪಟ್ಟಿ ಓಡಾಡಿತು. ಸದ್ಯಕ್ಕೆ ಈ ಹಾಡುಗಳನ್ನು ಹಾಕುವ ಮುಂಚೆ ಯೋಚನೆ ಮಾಡಿ ಅಂತ. ಕಡ್ಡಾಯ ನಿಷೇಧ ಅಲ್ಲ, ಸೂಚನೆ ಅಷ್ಟೇ. ನೂರೈವತ್ತಕ್ಕೂ ಹೆಚ್ಚು ಹಾಡುಗಳಿದ್ದ ಆ ಪಟ್ಟಿಯಲ್ಲಿ ರಾಕ್, ಮೆಟಲ್ ಬ್ಯಾಂಡ್‌ಗಳೇ ಎಷ್ಟೋ: ಎಸಿ/ಡಿಸಿ ಇತ್ತು, ಬ್ಲ್ಯಾಕ್ ಸಬ್ಬತ್ ಇತ್ತು, ಮೆಟಾಲಿಕಾ ಇತ್ತು, ಮೆಗಾಡೆತ್ ಇತ್ತು. ರೇಜ್ ಅಗೇನ್‌ಸ್ಟ್ ದ ಮಷೀನ್‌ನ ಹಾಡುಗಳಂತೂ ಅಷ್ಟಕ್ಕಷ್ಟೂ ಇದ್ದವು.

ಅದೇ ತಿಂಗಳು 25ಕ್ಕೆ ಎಕ್ಸ್‌ಎಂ ಅನ್ನುವ ಉಪಗ್ರಹ ರೇಡಿಯೋ ಡಲ್ಲಾಸ್ ಮತ್ತು ಸ್ಯಾನ್ ಡಿಯಾಗೋದಲ್ಲಿ ಶುರುವಾಯಿತು. 12ಕ್ಕೇ ಶುರುವಾಗಬೇಕಿತ್ತು, ದಾಳಿಯಿಂದಾಗಿ ಮುಂದಕ್ಕೆ ಹೋಯಿತು. ಅದರ 42ನೇ ಚಾನೆಲ್ ಹೆಸರು ಲಿಕ್ವಿಡ್ ಮೆಟಲ್. ದಿನದ 24 ಗಂಟೆಯೂ ಹೆವಿ ಮೆಟಲ್. ಬೈಗುಳ ಇದ್ದರೆ ಬೈಗುಳದ ಸಮೇತ, ಯಾವ ಪದವನ್ನೂ ಮುಚ್ಚದೆ.

ಒಂದು ಕಡೆ ಇರೋ ಬಾಗಿಲೂ ಮುಚ್ಚುತ್ತಿದೆ, ಇನ್ನೊಂದು ಕಡೆ ಇಲ್ಲದೇ ಇದ್ದ ಬಾಗಿಲು ತೆರೆಯುತ್ತಿದೆ. ಮೆಟಲ್ ಇತಿಹಾಸ ಬರೆಯುವವರು ಬ್ಯಾಂಡ್‌ಗಳ ಬಗ್ಗೆ, ಆಲ್ಬಂಗಳ ಬಗ್ಗೆ ಎಷ್ಟು ಬೇಕಾದರೂ ಬರೆಯುತ್ತಾರೆ. ರೇಡಿಯೋ ಬಗ್ಗೆ ಬರೆಯುವುದು ಕಡಿಮೆ. ನನಗೆ ಇದು ದೊಡ್ಡ ಕಥೆ ಅನಿಸುತ್ತದೆ, ಅದರಲ್ಲೂ ಬೆಂಗಳೂರಿನಲ್ಲಿ ಕೂತು ನೋಡಿದರೆ.

ಅಮೆರಿಕದ ಎಫ್‌ಎಂನಲ್ಲಿ ಮೆಟಲ್ ಯಾಕೆ ಬರುತ್ತಿರಲಿಲ್ಲ ಅಂದರೆ, ಕೇಳುವವರು ಇರಲಿಲ್ಲ ಅಂತಲ್ಲ. 1996ರಲ್ಲಿ ಅಲ್ಲಿ ಹೊಸ ಟೆಲಿಕಾಂ ಕಾಯ್ದೆ ಬಂತು. ಅಲ್ಲಿಯವರೆಗೆ ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬಹುದು ಅನ್ನುವ ಮಿತಿ ಇತ್ತು, ಅದು ಹೋಯಿತು. ದೊಡ್ಡ ಕಂಪನಿಗಳು ಊರೂರಿನ ಸ್ಟೇಷನ್ ಕೊಂಡುಕೊಂಡವು. ಹಾಡಿನ ಪಟ್ಟಿ ಒಂದೇ ಕಡೆ ತಯಾರಾಗತೊಡಗಿತು. ಜಾಹೀರಾತು ಕೊಡುವವನಿಗೆ ಬೇಕಾಗಿದ್ದು, ಯಾರೂ ಬೇಜಾರಾಗಿ ಚಾನೆಲ್ ತಿರುಗಿಸಬಾರದು ಅನ್ನೋದು. ಆ ಲೆಕ್ಕದಲ್ಲಿ ಡೆತ್ ಮೆಟಲ್, ಅಂದರೆ ಮೆಟಲ್‌ನ ಅತಿ ಒರಟು ಬಗೆ, ಯಾವತ್ತೂ ಗೆಲ್ಲುವುದಿಲ್ಲ, ಅಲ್ವಾ? ಹತ್ತು ಜನರಲ್ಲಿ ಒಬ್ಬ ಪ್ರಾಣ ಬಿಟ್ಟು ಕೇಳುತ್ತಾನೆ, ಒಂಬತ್ತು ಜನ ತಿರುಗಿಸುತ್ತಾರೆ.

ಎಕ್ಸ್‌ಎಂ ಈ ಲೆಕ್ಕವನ್ನೇ ತಿರುಗಿಸಿ ಹಾಕಿತು. ತಿಂಗಳಿಗೆ 9.99 ಡಾಲರ್ ಕೊಡಿ, ಸುಮಾರು ನೂರು ಚಾನೆಲ್ ಕೇಳಿ. ಈಗ ಆ ಒಬ್ಬನೇ ಮುಖ್ಯ, ಯಾಕೆಂದರೆ ಅವನು ಇದೊಂದು ಚಾನೆಲ್‌ಗೋಸ್ಕರವೇ ದುಡ್ಡು ಕಟ್ಟುತ್ತಾನೆ. ಎಕ್ಸ್‌ಎಂನಲ್ಲಿ ಕಾರ್ಯಕ್ರಮಗಳ ಹೊಣೆ ಹೊತ್ತಿದ್ದವರು ಲೀ ಏಬ್ರಮ್ಸ್. 70ರ ದಶಕದಲ್ಲಿ ಸಮೀಕ್ಷೆ, ಸಂಶೋಧನೆ ಅಂತ ಮಾಡಿ ಅಮೆರಿಕದ ರಾಕ್ ಸ್ಟೇಷನ್‌ಗಳಿಗೆ ಒಂದೇ ಅಚ್ಚು ಹಾಕಿಕೊಟ್ಟವರಲ್ಲಿ ಇವರೇ ಮುಖ್ಯರು. ಅಂಥವರು ಬಂದು ಮೆಟಲ್‌ಗೆ ಒಂದು ಪೂರ್ತಿ ಚಾನೆಲ್ ಇಟ್ಟರು ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ತಂತ್ರಜ್ಞಾನದ ಬಗ್ಗೆಯೂ ಸ್ವಲ್ಪ ಹೇಳಬೇಕು, ಮುಂದೆ ಬೆಂಗಳೂರಿನ ಮಾತು ಬಂದಾಗ ಇದು ಬೇಕಾಗುತ್ತದೆ. ಎಕ್ಸ್‌ಎಂ 2001ರಲ್ಲಿ ಎರಡು ಉಪಗ್ರಹ ಹಾರಿಸಿತು. ಒಂದರ ಹೆಸರು ರಾಕ್, ಇನ್ನೊಂದರದು ರೋಲ್. ನಿಜವಾಗಲೂ ಅದೇ ಹೆಸರು. ಎರಡೂ ಒಂದೇ ಕಾರ್ಯಕ್ರಮವನ್ನು ಕಳಿಸುತ್ತಿದ್ದವು, ಆದರೆ ಒಂದು ಕೆಲವು ಸೆಕೆಂಡ್ ತಡವಾಗಿ. ಕಾರು ಸೇತುವೆ ಕೆಳಗೆ ಹೋಗಿ ಸಿಗ್ನಲ್ ತಪ್ಪಿದರೆ, ತಪ್ಪಿದ ತುಂಡನ್ನು ರಿಸೀವರ್ ಇನ್ನೊಂದರಿಂದ ತುಂಬಿಕೊಳ್ಳುತ್ತಿತ್ತು. ಎತ್ತರದ ಕಟ್ಟಡಗಳಿರುವ ಊರುಗಳಲ್ಲಿ ಸಿಗ್ನಲ್ ಹಿಡಿದು ಮತ್ತೆ ಹರಡುವ ರಿಪೀಟರ್ ಗೋಪುರಗಳು ನೆಲದ ಮೇಲೆಯೇ ಇದ್ದವು. ಅದಕ್ಕೇ ಅದು ಕಾರಿನ ರೇಡಿಯೋ ಆಯಿತು. ಆಫೀಸಿಗೆ ಹೋಗುತ್ತಾ, ಬರುತ್ತಾ, ರಾತ್ರಿಯೆಲ್ಲಾ ಲಾರಿ ಓಡಿಸುತ್ತಾ ಕೇಳುವ ರೇಡಿಯೋ.

ಎದುರಾಳಿ ಸಿರಿಯಸ್. 1997ರಲ್ಲಿ ಅಮೆರಿಕ ಸರ್ಕಾರ ಈ ಸೇವೆಗೆ ಎರಡೇ ಎರಡು ಲೈಸೆನ್ಸ್ ಹರಾಜು ಹಾಕಿತ್ತು. ಮುಂದೆ ಎಕ್ಸ್‌ಎಂ ಆದ ಕಂಪನಿ 8.99 ಕೋಟಿ ಡಾಲರ್ ಕೊಟ್ಟಿತು, ಮುಂದೆ ಸಿರಿಯಸ್ ಆದ ಸಿಡಿ ರೇಡಿಯೋ 8.33 ಕೋಟಿ ಡಾಲರ್. ಸಿರಿಯಸ್‌ಗೆ ಮೂರು ಉಪಗ್ರಹ. ಒಂದೇ ಕಡೆ ನಿಲ್ಲುವ ಬದಲು ಎಂಟರ ಆಕಾರದ ದಾರಿಯಲ್ಲಿ ಸುತ್ತುತ್ತಾ, ಜಾಸ್ತಿ ಹೊತ್ತು ಅಮೆರಿಕದ ನೆತ್ತಿಯ ಮೇಲೇ ಇರುವಂಥವು. 2002ರಲ್ಲಿ ಸೇವೆ ಶುರುವಾಯಿತು. ಅಲ್ಲಿನ ಮೆಟಲ್ ಚಾನೆಲ್ ಹೆಸರು ಹಾರ್ಡ್ ಅಟ್ಯಾಕ್. ಹೊಸೆ ಮ್ಯಾಂಗಿನ್ ಅನ್ನುವ ನಿರೂಪಕರು ಬೆಳೆದಿದ್ದು ಅಲ್ಲೇ. ಹೀಗೆ ಕೆಲವು ವರ್ಷ ಅಮೆರಿಕದವರಿಗೆ ಒಂದಲ್ಲ, ಎರಡು ಉಪಗ್ರಹ ಮೆಟಲ್ ಚಾನೆಲ್ ಇದ್ದವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ಬೆಂಗಳೂರಿನಲ್ಲಿ ಏನಿತ್ತು?

ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮೂರಲ್ಲೇ. 2001ರ ಜುಲೈ 3, ರೇಡಿಯೋ ಸಿಟಿ. ಎಕ್ಸ್‌ಎಂಗಿಂತ ಸುಮಾರು ಮೂರು ತಿಂಗಳು ಮುಂಚೆ! ಆದರೆ ಆ ಮೊದಲ ಹಂತದ ಲೈಸೆನ್ಸ್ ಶುಲ್ಕ ಭಾರೀ ಇತ್ತು, ವರ್ಷವರ್ಷವೂ ಶೇಕಡಾ 15 ಏರುತ್ತಿತ್ತು. ಅಷ್ಟು ಕಟ್ಟುವವನು ಸಿನಿಮಾ ಹಾಡು ಬಿಟ್ಟು ಬೇರೆ ಯಾಕೆ ಹಾಕುತ್ತಾನೆ? ಸಿನಿಮಾ ಹಾಡಿನ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಗುನುಗುತ್ತೇನೆ. ಆದರೆ ಹತ್ತು ಸ್ಟೇಷನ್ ಇದ್ದೂ ಹತ್ತರಲ್ಲೂ ಅದೇ ಹಾಡು ಅಂದರೆ, ಹತ್ತು ಯಾಕೆ ಬೇಕು? ಆಕಾಶವಾಣಿ ಶಾಸ್ತ್ರೀಯ ಸಂಗೀತಕ್ಕೆ ಅಮೃತವರ್ಷಿಣಿ ಅಂತ ಒಂದು ಪೂರ್ತಿ ಚಾನೆಲ್ ಇಟ್ಟಿತ್ತು. ಜಾಹೀರಾತಿನ ಲೆಕ್ಕ ನೋಡದೆ ಒಂದು ಸಂಗೀತಕ್ಕೆ ಇಡೀ ದಿನ ಕೊಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಅದನ್ನೇ ನೋಡಬೇಕು. ಗೊತ್ತಿಲ್ಲದ ಕೃತಿ ಕಿವಿಗೆ ಬೀಳುತ್ತದೆ, ನಿಧಾನಕ್ಕೆ ಕಿವಿ ಬೆಳೆಯುತ್ತದೆ.

ಉಪಗ್ರಹ ರೇಡಿಯೋ ಕೂಡ ನಮ್ಮಲ್ಲಿತ್ತು. ವರ್ಲ್ಡ್‌ಸ್ಪೇಸ್. ಇಥಿಯೋಪಿಯಾದಲ್ಲಿ ಹುಟ್ಟಿದ ನೋಆ ಸಮಾರಾ 1990ರಲ್ಲಿ ಕಟ್ಟಿದ ಕಂಪನಿ. 1998ರಲ್ಲಿ ಆಫ್ರಿಸ್ಟಾರ್, 2000ದ ಮಾರ್ಚ್‌ನಲ್ಲಿ ಏಷ್ಯಾಸ್ಟಾರ್ ಉಪಗ್ರಹ ಹಾರಿಸಿತು. ಅದರ ಭಾರತದ ಮುಖ್ಯ ಕಚೇರಿ ಇದ್ದಿದ್ದು ಬೆಂಗಳೂರಿನಲ್ಲಿ. ಕನ್ನಡಕ್ಕೆ ಸ್ಪರ್ಶ ಅಂತ ಚಾನೆಲ್ ಇತ್ತು, ಕರ್ನಾಟಕ ಸಂಗೀತಕ್ಕೆ ಶ್ರುತಿ. ಕಂಪನಿಯ ಗುರುತಿನ ಸಂಗೀತ ಮಾಡಿಕೊಟ್ಟವರು ಎ.ಆರ್. ರೆಹಮಾನ್. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎಕ್ಸ್‌ಎಂ ಆಗುವ ಕಂಪನಿಯಲ್ಲಿ 1997ರಲ್ಲಿ ವರ್ಲ್ಡ್‌ಸ್ಪೇಸ್ ದುಡ್ಡು ಹಾಕಿತ್ತು, 1999ರಲ್ಲಿ ಪಾಲು ಬಿಟ್ಟುಕೊಟ್ಟಿತು. 2005ರಲ್ಲಿ ಎಕ್ಸ್‌ಎಂ ತಿರುಗಿ ವರ್ಲ್ಡ್‌ಸ್ಪೇಸ್‌ನಲ್ಲಿ 2.5 ಕೋಟಿ ಡಾಲರ್ ಹಾಕಿತು. ಅಂದರೆ ಲಿಕ್ವಿಡ್ ಮೆಟಲ್ ಇದ್ದ ಮನೆಗೂ ಬೆಂಗಳೂರಿನ ಆ ಕಚೇರಿಗೂ ನೆಂಟಸ್ತನ ಇತ್ತು.

ಅಷ್ಟಿದ್ದರೂ ಮೆಟಲ್‌ಗೇ ಅಂತ ಒಂದು ಚಾನೆಲ್ ನಮಗೆ ಬರಲಿಲ್ಲ. ರಾಕ್ ಚಾನೆಲ್ ಇತ್ತು, ಅದರಲ್ಲಿ ಆಗಾಗ ಮೆಟಲ್ ಬಂದು ಹೋಗುತ್ತಿತ್ತು. ಅದೂ ಮನೆಯೊಳಗೆ ಮಾತ್ರ. ಏಷ್ಯಾಸ್ಟಾರ್ ಇದ್ದಿದ್ದು 105 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಇಲ್ಲಿಂದ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿಸಿ ಆಂಟೆನಾ ಇಡಬೇಕು, ಮಧ್ಯೆ ಏನೂ ಅಡ್ಡ ಬರಬಾರದು. ಪೂರ್ವದ ಕಿಟಕಿ ಇದ್ದವರು ಅದೃಷ್ಟವಂತರು. ಪಕ್ಕದ ಸೈಟಿನಲ್ಲಿ ಮೂರು ಮಹಡಿ ಎದ್ದಿತೋ, ಮುಗಿಯಿತು, ತಾರಸಿಗೆ ವೈರ್ ಎಳೀಬೇಕು. ಅಮೆರಿಕದಂತೆ ನೆಲದ ಮೇಲೆ ರಿಪೀಟರ್ ಜಾಲ ಇಲ್ಲಿ ಬರಲೇ ಇಲ್ಲ, ಹಾಗಾಗಿ ಕಾರಿನಲ್ಲಿ ಕೇಳುವ ಮಾತೇ ಇಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಕಾರೊಳಗೆ ಒಂದು ಗಂಟೆ ಕೂರುವ ಊರಿಗೆ ಅದು ಎಂಥಾ ನಷ್ಟ ಅಂತ ಯೋಚಿಸಿ.

ಇಲ್ಲಿ ಕೇಳುವವರಿಗೇನೂ ಬರ ಇರಲಿಲ್ಲ. ಕ್ಯಾಸೆಟ್ ಕಾಪಿ ಮಾಡಿ ಹಂಚಿಕೊಂಡು, ಬ್ರಿಗೇಡ್ ರಸ್ತೆ ಅಂಗಡಿಗಳಲ್ಲಿ ಹುಡುಕಿ, ಪೆಕೋಸ್ ಮತ್ತು ಪರ್ಪಲ್ ಹೇಜ್‌ನಂಥ ಪಬ್‌ಗಳಲ್ಲಿ ಒಂದೊಂದೇ ಹಾಡು ಕೇಳಿಸಿಕೊಂಡು ಬೆಳೆದ ಜನ. ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್ ಸ್ಪರ್ಧೆಗೆ ಬೇರೆ ಬೇರೆ ಊರಿಂದ ಬ್ಯಾಂಡ್ ಬರುತ್ತಿದ್ದವು. 2007ರ ಮಾರ್ಚ್ 17ಕ್ಕೆ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿದರು. ಭಾರತದಲ್ಲಿ ಅಷ್ಟು ದೊಡ್ಡ ಮೆಟಲ್ ಬ್ಯಾಂಡ್ ಬಂದಿದ್ದು ಅದೇ ಮೊದಲು. ರೇಡಿಯೋದಲ್ಲಿ ಯಾರೂ ಹಾಕದ ಹಾಡುಗಳನ್ನು ಸಾವಿರಾರು ಜನ ಒಂದೇ ಗಂಟಲಲ್ಲಿ ಹಾಡಿದರು. ಆ ಜನ ಎಲ್ಲಿ ಕಲಿತರು? ರೇಡಿಯೋದಿಂದ ಅಂತೂ ಅಲ್ಲ.

ಅಮೆರಿಕದಲ್ಲಿ ಅದಕ್ಕೆ ಒಂದು ತಿಂಗಳ ಹಿಂದೆ, 2007ರ ಫೆಬ್ರವರಿಯಲ್ಲಿ, ಎಕ್ಸ್‌ಎಂ ಮತ್ತು ಸಿರಿಯಸ್ ಒಂದಾಗುತ್ತೇವೆ ಅಂತ ಹೇಳಿದ್ದವು. 1997ರ ನಿಯಮದ ಪ್ರಕಾರ ಎರಡೂ ಲೈಸೆನ್ಸ್ ಒಬ್ಬರ ಕೈಗೆ ಹೋಗುವಂತಿರಲಿಲ್ಲ. ಒಂದೂವರೆ ವರ್ಷ ಎಳೆದಾಟ ನಡೆದು 2008ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. ಎಫ್‌ಸಿಸಿ ಅನ್ನುವ ಅಲ್ಲಿನ ಸಂವಹನ ಆಯೋಗದಲ್ಲಿ ಮೂರು ವೋಟು ಪರ, ಎರಡು ವಿರುದ್ಧ. ಆಮೇಲೆ ಎರಡೆರಡು ಇದ್ದ ಚಾನೆಲ್‌ಗಳನ್ನು ಬೆರೆಸುವ ಕೆಲಸ. 2008ರ ನವೆಂಬರ್ 12ಕ್ಕೆ ಹಾರ್ಡ್ ಅಟ್ಯಾಕ್ ಮತ್ತು ಲಿಕ್ವಿಡ್ ಮೆಟಲ್ ಒಂದೇ ಆದವು. ಹೆಸರು ಎಕ್ಸ್‌ಎಂ ಕಡೆಯದು ಉಳಿಯಿತು, ಧ್ವನಿ ಮಾತ್ರ ಸಿರಿಯಸ್ ಕಡೆಯ ಹೊಸೆ ಮ್ಯಾಂಗಿನ್ ಅವರದು. ಎರಡು ಕಡೆಯ ಆರ್‌ಜೆಗಳು, ಎರಡು ಥರದ ಹುಚ್ಚು, ಎರಡು ಹಾಡಿನ ಕಪಾಟು ಒಂದಕ್ಕೆ ಇಳಿಯಿತು. ಕಂಪನಿ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ ಅಂತ ಒಪ್ಪುತ್ತೇನೆ. ಆದರೂ ಕೇಳುಗನಿಗೆ ಅದು ನಷ್ಟವೇ. ಸ್ಪರ್ಧೆ ಇದ್ದಾಗ, ಅವರು ಹಾಕದ ಹಾಡು ನಾವು ಹಾಕುತ್ತೇವೆ ಅನ್ನುವ ಛಲ ಇರುತ್ತದೆ.

ಅದೇ ಚಳಿಗಾಲದಲ್ಲಿ ನಮ್ಮ ಕಥೆಯೂ ಮುಗಿಯುವ ಹಾದಿ ಹಿಡಿಯಿತು. 2008ರ ಅಕ್ಟೋಬರ್‌ನಲ್ಲಿ ವರ್ಲ್ಡ್‌ಸ್ಪೇಸ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ಸಿರಿಯಸ್ ಎಕ್ಸ್‌ಎಂ ಕೂಡ ಆ ಹೊತ್ತಿಗೆ ಅದೇ ಅಂಚಿಗೆ ಬಂದಿತ್ತು. 2009ರ ಫೆಬ್ರವರಿ 17ಕ್ಕೆ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಡಲು ಒಪ್ಪಿ ಅದನ್ನು ಎತ್ತಿ ಹಿಡಿಯಿತು. ಅದಕ್ಕೆ ಎರಡೇ ದಿನ ಮುಂಚೆ, 15ಕ್ಕೆ, ಐರನ್ ಮೇಡನ್ ಮತ್ತೆ ಬೆಂಗಳೂರಿನಲ್ಲಿದ್ದರು. ಹಿಂದಿನ ವರ್ಷವಷ್ಟೇ ಮೆಗಾಡೆತ್ ಬಂದು ಹೋಗಿತ್ತು. ಅಂದರೆ ಈ ಊರು ಮೆಟಲ್‌ಗೆ ಅತ್ಯಂತ ಹಸಿದಿದ್ದ ವರ್ಷಗಳಲ್ಲೇ ಇಲ್ಲಿನ ಉಪಗ್ರಹ ರೇಡಿಯೋ ಸಾಯುತ್ತಿತ್ತು. 2009ರ ಡಿಸೆಂಬರ್ 31ಕ್ಕೆ ಭಾರತದ ಸೇವೆ ನಿಂತಿತು. ಅಲ್ಲಿಯ ಕಂಪನಿಗೆ ಸಾಲ ಕೊಡುವವರು ಸಿಕ್ಕರು, ಇಲ್ಲಿಯದಕ್ಕೆ ಸಿಗಲಿಲ್ಲ.

ಲಿಕ್ವಿಡ್ ಮೆಟಲ್ ಆಮೇಲೂ ನಡೆಯಿತು. 2011ರಲ್ಲಿ ಚಾನೆಲ್ ಸಂಖ್ಯೆಗಳನ್ನು ಒಂದು ಮಾಡಿದಾಗ 40ನೇ ಸಂಖ್ಯೆಗೆ ಬಂತು. ನಾನು ಅದನ್ನು ಕೇಳಿದ್ದು ನ್ಯೂಜೆರ್ಸಿಯಲ್ಲಿ, ಭಾವನ ಕಾರಿನಲ್ಲಿ. ಭಾವ ಪಿ.ಬಿ. ಶ್ರೀನಿವಾಸ್ ಅಭಿಮಾನಿ, ಆದರೂ ನನಗೋಸ್ಕರ ಹಾಕಿಕೊಟ್ಟರು. ನನಗೆ ಹಾಡುಗಳಿಗಿಂತ ಹಾಡಿನ ನಡುವಿನ ಮಾತು ಹಿಡಿಸಿತು. ಈ ಬ್ಯಾಂಡಿನ ಡ್ರಮ್ಮರ್ ಮೊದಲು ಎಲ್ಲಿದ್ದ, ಈ ಗಿಟಾರ್ ರಿಫ್ ಯಾರ ಕಡೆಯಿಂದ ಬಂತು, ನಾಳೆ ಯಾವ ಊರಲ್ಲಿ ಶೋ. ಗೊತ್ತಿರುವವನು ಪ್ರೀತಿಯಿಂದ ಹೇಳುತ್ತಾನೆ, ಅಷ್ಟೇ. ಡೆವಿಲ್ಸ್ ಡಜನ್ ಅಂತ ಕೇಳುಗರು ಕೇಳಿದ 13 ಹಾಡುಗಳ ವಾರದ ಪಟ್ಟಿ. ಮೆಟಲ್ ಇತಿಹಾಸಕಾರ ಇಯಾನ್ ಕ್ರಿಸ್ಟ್ ನಡೆಸುತ್ತಿದ್ದ ಬ್ಲಡಿ ರೂಟ್ಸ್ ಅಂತ ಕಾರ್ಯಕ್ರಮ. ಒಂದೊಂದು ಕಂತಿಗೂ ಮೆಟಲ್‌ನ ಒಂದು ಕೊಂಬೆ ಹಿಡಿದು ಬೇರಿನ ತನಕ ಹೋಗುವುದು.

ಈಗ ಫೋನಿನಲ್ಲಿ ಎಲ್ಲಾ ಸಿಗುತ್ತದೆ ಅಂತ ಹುಡುಗರು ಹೇಳುತ್ತಾರೆ. ಹಾಡು ಸಿಗುತ್ತದೆ, ನಿಜ. ಆದರೆ ಆಪ್ ನಾನು ನಿನ್ನೆ ಕೇಳಿದ್ದರ ಅಣ್ಣತಮ್ಮನನ್ನೇ ಇವತ್ತು ತಂದು ಕೊಡುತ್ತದೆ. ಥ್ರ್ಯಾಶ್ ಅನ್ನುವ ಅತಿ ವೇಗದ ಮೆಟಲ್ ಕೇಳಿದರೆ ಥ್ರ್ಯಾಶ್ ಮೇಲೆ ಥ್ರ್ಯಾಶ್. ಥ್ರ್ಯಾಶ್ ಆದಮೇಲೆ ಸುಮ್ನೆ ಒಂದು ಹತ್ತು ನಿಮಿಷದ, ನಿಧಾನಕ್ಕೆ ಭಾರವಾಗಿ ಸಾಗುವ ಡೂಮ್ ಮೆಟಲ್ ಹಾಕಿ, ಇದನ್ನೂ ಕೇಳು ಅನ್ನುವ ಧೈರ್ಯ ಮನುಷ್ಯನಿಗೇ ಬರುವುದು. ಅದೂ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಹಾಡು ಕೇಳುತ್ತಿದ್ದೇವೆ ಅನ್ನುವುದರ ಸುಖವೇ ಬೇರೆ.

ಇದಕ್ಕೆ ಈಗ ಉಪಗ್ರಹ ಬೇಕಾಗಿಲ್ಲ. ಒಂದು ಕೋಣೆ, ಒಂದು ಮೈಕು, ಒಳ್ಳೆಯ ಇಂಟರ್ನೆಟ್, ಹಾಡಿನ ಹಕ್ಕಿಗೆ ಒಂದಿಷ್ಟು ದುಡ್ಡು, ತಿಂಗಳಿಗೆ ಒಂದು ಕಾಫಿ ತಿಂಡಿಯಷ್ಟು ಕೊಡುವ ಕೆಲವು ಸಾವಿರ ಕೇಳುಗರು. ಬೆಂಗಳೂರಿನಲ್ಲಿ ಅಷ್ಟು ಜನ ಇದ್ದಾರೆ, 2012ರಲ್ಲಿ ಶುರುವಾದ ಬ್ಯಾಂಗಲೋರ್ ಓಪನ್ ಏರ್ ಅನ್ನುವ ಮೆಟಲ್ ಉತ್ಸವಕ್ಕೆ ಹೋದವರು ಇಲ್ಲ ಅನ್ನುವುದಿಲ್ಲ. ನಿರೂಪಣೆ ಕನ್ನಡದಲ್ಲೇ ಇರಲಿ. ಬ್ಲಾಸ್ಟ್ ಬೀಟ್ ಅಂದರೆ ಏನು ಅಂತ ಕನ್ನಡದಲ್ಲಿ ವಿವರಿಸುವ ಆರ್‌ಜೆ ಒಬ್ಬರು ಸಿಕ್ಕರೆ ನಾನು ಮೊದಲ ವರ್ಷದ ಚಂದಾ ಇವತ್ತೇ ಕಟ್ಟುತ್ತೇನೆ. ಮೊದಲ ಗಂಟೆಗೆ ನನ್ನ ಪಟ್ಟಿ ಆಗಲೇ ತಯಾರಿದೆ. 80ರ ದಶಕದ ಕೊನೆಯಿಂದ ಈ ಊರಿನಲ್ಲಿ ಹೆವಿ ಮೆಟಲ್ ನುಡಿಸಿದ ಮಿಲೆನಿಯಂನಿಂದ ಶುರು. ಆಮೇಲೆ 1998ರಲ್ಲಿ ಹುಟ್ಟಿ, ಇಲ್ಲಿಂದ ಯುರೋಪಿನ ವೇದಿಕೆಗಳ ತನಕ ಹೋದ ಕ್ರಿಪ್ಟೋಸ್, ಅವರದು ಎರಡು ಹಾಡು. ಇನ್ನರ್ ಸ್ಯಾಂಕ್ಟಮ್‌ನ ಥ್ರ್ಯಾಶ್ ಒಂದು. ಅದು ಮುಗಿದ ಕೂಡಲೇ, ಯಾರಿಗೂ ಉಸಿರಾಡಲು ಬಿಡದೆ, ಬೆವರ್ ಸೀ ಅವರ ಉದ್ದನೆಯ ಡೂಮ್.